ಆಡಿಟರ್ ಬ್ರ್ಯಾಂಡಿನ ಕನ್ಸಲ್ಟಿಂಗ್ ಕಂಪನಿ ಅಂಗಸಂಸ್ಥೆಗೆ ಇಆರ್‌ಪಿ ಹಾಕಿಕೊಟ್ಟರೆ ಕ್ರಮ ಯಾರದು: ಸೆಬಿಯದೋ, ಎನ್‌ಎಫ್‌ಆರ್‌ಎಯದೋ?

ಪೀಣ್ಯ_ಲೆಡ್ಜರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಮಾದರಿ ಪ್ರಕರಣ ಇಟ್ಟುಕೊಂಡು ಕೇಳುತ್ತಿದ್ದೇನೆ.

ಪೀಣ್ಯದಲ್ಲಿ ಕಾರ್ಖಾನೆ ಇರುವ ಲಿಸ್ಟೆಡ್ ಕಂಪನಿ. ಹೊಸೂರಿನಲ್ಲಿ ಅದರದ್ದೇ ಪೂರ್ಣ ಒಡೆತನದ ಅಂಗಸಂಸ್ಥೆ. ಸ್ಟ್ಯಾಚುಟರಿ ಆಡಿಟರ್ (ಕಾನೂನಿನಂತೆ ಲೆಕ್ಕ ಪರಿಶೋಧಿಸುವವರು) ಒಂದು ಸಿಎ ಸಂಸ್ಥೆ, ಆಡಿಟ್ ಫೀ ವರ್ಷಕ್ಕೆ 40 ಲಕ್ಷ. ಅದೇ ಬ್ರ್ಯಾಂಡ್ ಹೆಸರು ಬಳಸುವ ಕನ್ಸಲ್ಟಿಂಗ್ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದು ಹೊಸೂರಿನ ಅಂಗಸಂಸ್ಥೆಗೆ ಇಆರ್‌ಪಿ (ಕಂಪನಿಯ ಲೆಕ್ಕ, ವ್ಯವಹಾರಗಳನ್ನು ಒಟ್ಟಿಗೆ ನಡೆಸುವ ಸಾಫ್ಟ್‌ವೇರ್) ಹಾಕಿಕೊಟ್ಟಿದೆ. ಸ್ಟಾಕ್, ಖರೀದಿ, ಜನರಲ್ ಲೆಡ್ಜರ್ ಎಲ್ಲ ಅದರಲ್ಲೇ. ಇದರ ಜೊತೆಗೆ, ಆಡಿಟ್ ವರದಿಗೆ ಸಹಿ ಹಾಕುವ ಪಾರ್ಟ್‌ನರ್ ಅವರ ಪತ್ನಿಯ ಡಿಮ್ಯಾಟ್ ಖಾತೆಯಲ್ಲಿ ಇದೇ ಲಿಸ್ಟೆಡ್ ಕಂಪನಿಯ 3,000 ಷೇರುಗಳಿವೆ. ಮುಖಬೆಲೆ 2 ರೂಪಾಯಿ, ಮಾರ್ಕೆಟ್ ಬೆಲೆ 840ರ ಆಸುಪಾಸು.

ಇಲ್ಲಿ ಆಡಿಟರ್ ಸ್ವಾತಂತ್ರ್ಯದ (ಕಂಪನಿಯಲ್ಲಿ ಸ್ವಹಿತ ಇರಬಾರದೆಂಬ ನಿಯಮದ) ಉಲ್ಲಂಘನೆ ಆಗಿದೆಯೇ, ಆಗಿದ್ದರೆ ಎಲ್ಲಿ? ಕ್ರಮ ಯಾರು ತೆಗೆದುಕೊಳ್ಳುತ್ತಾರೆ: ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯೋ, ಆಡಿಟರ್‌ಗಳ ಮೇಲ್ವಿಚಾರಣೆ ಮಾಡುವ ಪ್ರಾಧಿಕಾರ ಎನ್‌ಎಫ್‌ಆರ್‌ಎಯೋ? ಈಗಾಗಲೇ ಸಹಿಯಾದ ವರದಿಗಳ ಗತಿ ಏನು? ನಿರ್ದೇಶಕ ಮಂಡಳಿಯ ಆಡಿಟ್ ಕಮಿಟಿ ಮೊದಲ ವಾರದಲ್ಲಿ ಏನು ಮಾಡಬೇಕು? ಆಡಿಟ್ ಕೆಲಸದ ಗುಣಮಟ್ಟದಲ್ಲಿ ಯಾವ ದೋಷವೂ ಕಂಡಿಲ್ಲ ಎಂದೇ ಇಟ್ಟುಕೊಳ್ಳಿ.

ಕಲಂ_141

ನಿಮ್ಮ ಕೊನೆಯ ವಾಕ್ಯದಿಂದ ಶುರು ಮಾಡುತ್ತೇನೆ. ಆಡಿಟ್ ಚೆನ್ನಾಗಿ ಮಾಡಿದ್ದರು ಎನ್ನುವುದು ಇಲ್ಲಿ ಉತ್ತರವೇ ಅಲ್ಲ. 2013ರ ಕಂಪನಿ ಕಾಯ್ದೆಯ ಕಲಂ 141 ಮತ್ತು 144 ಕೇಳುವುದು ಸಂಬಂಧ ಇತ್ತೇ, ಯಾವ ತಾರೀಕಿನಿಂದ ಇತ್ತು ಎಂಬುದನ್ನು ಮಾತ್ರ. ಲೆಕ್ಕ ಸರಿಯಿತ್ತು ಎಂದು ವಾದಿಸುತ್ತಾ ಹೋದಷ್ಟೂ ಕೇಸ್ ದುರ್ಬಲವಾಗುತ್ತದೆ.

ಇಆರ್‌ಪಿ ವಿಷಯ. ಕಲಂ 144 ಆಡಿಟರ್ ಕೊಡಬಾರದ ಸೇವೆಗಳನ್ನು ಪಟ್ಟಿ ಮಾಡಿದೆ: ಲೆಕ್ಕ ಬರೆಯುವುದು, ಇಂಟರ್ನಲ್ ಆಡಿಟ್, ಹಣಕಾಸು ಮಾಹಿತಿ ವ್ಯವಸ್ಥೆಯ ವಿನ್ಯಾಸ ಮತ್ತು ಅಳವಡಿಕೆ, ಆಕ್ಚುಯೇರಿಯಲ್ ಸೇವೆ, ಹೂಡಿಕೆ ಸಲಹೆ, ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್, ಹೊರಗುತ್ತಿಗೆಯ ಹಣಕಾಸು ಸೇವೆ, ಮ್ಯಾನೇಜ್‌ಮೆಂಟ್ ಸೇವೆ. ಈ ನಿಷೇಧ ಕಂಪನಿಗಷ್ಟೇ ಅಲ್ಲ, ಅದರ ಹೋಲ್ಡಿಂಗ್ ಕಂಪನಿಗೂ ಅಂಗಸಂಸ್ಥೆಗೂ ಅನ್ವಯಿಸುತ್ತದೆ. ಹಾಗಾಗಿ ಹೊಸೂರು ತಪ್ಪಿಸಿಕೊಳ್ಳುವುದಿಲ್ಲ.

‘ಕೆಲಸ ಮಾಡಿದ್ದು ಆಡಿಟ್ ಸಂಸ್ಥೆಯಲ್ಲ, ಬೇರೆ ಕಂಪನಿ’ ಎಂಬ ವಾದವೂ ನಿಲ್ಲುವುದಿಲ್ಲ. ಅದೇ ಕಲಂನ ವಿವರಣೆಯಲ್ಲಿ ‘ನೇರವಾಗಿ ಅಥವಾ ಪರೋಕ್ಷವಾಗಿ’ ಎಂಬುದಕ್ಕೆ ಅರ್ಥ ಕೊಟ್ಟಿದ್ದಾರೆ: ಸಂಸ್ಥೆಯೇ, ಅದರ ಪಾರ್ಟ್‌ನರ್‌ಗಳು, ಅದರ ಪೇರೆಂಟ್, ಅಂಗಸಂಸ್ಥೆ ಅಥವಾ ಸಹಸಂಸ್ಥೆ, ಅವರ ಹಿಡಿತ ಅಥವಾ ಗಣನೀಯ ಪ್ರಭಾವ ಇರುವ ಯಾವುದೇ ಸಂಸ್ಥೆ, ಕೊನೆಗೆ ಯಾರ ಹೆಸರು, ಟ್ರೇಡ್‌ಮಾರ್ಕ್ ಅಥವಾ ಬ್ರ್ಯಾಂಡನ್ನು ಆಡಿಟ್ ಸಂಸ್ಥೆ ಬಳಸುತ್ತದೋ ಆ ಸಂಸ್ಥೆ. ಒಂದೇ ಬ್ರ್ಯಾಂಡ್ ಹಂಚಿಕೊಂಡಿರುವವರು ಷೇರು ಬಂಡವಾಳದಲ್ಲಿ ಒಂದು ಪೈಸೆ ಸಂಬಂಧ ಇಲ್ಲ ಎಂದು ತೋರಿಸಿದರೆ ಸಾಲದು.

ಎದುರು ಕಡೆಯವರು ಹೂಡಬಹುದಾದ ಗಟ್ಟಿ ವಾದ ಒಂದೇ: ‘ನಾವು ಹಾಕಿದ್ದು ಗೋದಾಮಿನ ಮಾಡ್ಯೂಲ್, ಅದು ಹಣಕಾಸು ವ್ಯವಸ್ಥೆಯಲ್ಲ’. ಅಲ್ಲಿ ನೋಡಬೇಕಾದದ್ದು ಸ್ಟಾಕ್ ಮೌಲ್ಯ ಆ ಮಾಡ್ಯೂಲಿನಿಂದ ತಾನಾಗಿಯೇ ಲೆಡ್ಜರಿಗೆ ಪೋಸ್ಟ್ ಆಗುತ್ತದೆಯೇ ಎಂಬುದನ್ನು. ಆಗುವುದಾದರೆ ಆಡಿಟರ್ ತಮ್ಮವರೇ ಕಟ್ಟಿದ ವ್ಯವಸ್ಥೆಯ ಅಂಕಿಗಳನ್ನು ತಾವೇ ಪರೀಕ್ಷಿಸಿದಂತಾಯಿತು. ನಿಮ್ಮ ಮಾದರಿಯಲ್ಲಿ ಜನರಲ್ ಲೆಡ್ಜರ್ ಕೂಡ ಅದರಲ್ಲೇ ಇರುವುದರಿಂದ ಈ ವಾದಕ್ಕೆ ಜಾಗವೇ ಇಲ್ಲ.

ಕಲಂ 144ರ ಸೇವೆ ಕೊಟ್ಟವರು 141(3)(ಐ) ಪ್ರಕಾರ ಆಡಿಟರ್ ಆಗಲು ಅನರ್ಹರು. ನೇಮಕದ ನಂತರ ಅನರ್ಹತೆ ಬಂದರೆ 141(4): ಹುದ್ದೆ ತೆರವು ಮಾಡಲೇಬೇಕು, ಅದು ಆಕಸ್ಮಿಕ ತೆರವು ಎಂದು ಪರಿಗಣಿತವಾಗುತ್ತದೆ.

ಪತ್ನಿಯ ಷೇರು: 3,000 ಷೇರು, 840ರಂತೆ 25 ಲಕ್ಷ ದಾಟುತ್ತದೆ. ಸಂಬಂಧಿಕರಿಗೆ ಮಿತಿ 1 ಲಕ್ಷ. ಆದ್ದರಿಂದ ಇಲ್ಲೂ ಉಲ್ಲಂಘನೆ.

ಮುಖಬೆಲೆ_2

ಮೇಲಿನ ಉತ್ತರದ ಕೊನೆಯ ಪ್ಯಾರಾ ಸರಿಯಿಲ್ಲ, ಸರ್. ಉಳಿದದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ.

2014ರ ಆಡಿಟ್ ಮತ್ತು ಆಡಿಟರ್ ನಿಯಮಗಳ ನಿಯಮ 10ರಲ್ಲಿ ಇರುವ 1 ಲಕ್ಷದ ಮಿತಿ ಮುಖಬೆಲೆಯದು, ಮಾರ್ಕೆಟ್ ಬೆಲೆಯದಲ್ಲ. 3,000 ಷೇರನ್ನು 2 ರೂಪಾಯಿಯಿಂದ ಗುಣಿಸಿದರೆ 6,000 ರೂಪಾಯಿ. ಕಂಪನಿ ಕಾಯ್ದೆಯ ಅಳತೆಯಲ್ಲಿ ಇದು ಮಿತಿಯೊಳಗೇ ಇದೆ. 2 ರೂಪಾಯಿ ಮುಖಬೆಲೆಯಲ್ಲಿ 50,000 ಷೇರಿನವರೆಗೂ ಮಿತಿ ದಾಟುವುದಿಲ್ಲ, ಅಂದರೆ ಇದೇ ಬೆಲೆಗೆ 4 ಕೋಟಿಗೂ ಮೀರಿದ ಹಿಡುವಳಿ. ಕಾನೂನಿನ ಈ ಅಳತೆಗೋಲು ತೀರ ಸಡಿಲ ಎನ್ನುವುದು ನನ್ನ ಖಚಿತ ಅಭಿಪ್ರಾಯ, ಆದರೆ ದೂರು ಬರೆಯುವವರು ಈಗ ಇರುವ ನಿಯಮದ ಮೇಲೇ ಬರೆಯಬೇಕು. ತಪ್ಪು ಲೆಕ್ಕದ ಒಂದು ಪ್ಯಾರಾ ಇದ್ದರೆ ಗಟ್ಟಿಯಿರುವ ಇಆರ್‌ಪಿ ಅಂಶಕ್ಕೂ ಅದು ಪೆಟ್ಟು.

ಇಲ್ಲಿ ಸಾಮಾನ್ಯವಾಗಿ ಕಲಸಿಹೋಗುವ ಮೂರು ಸಂಗತಿ ಹೇಳಿಬಿಡುತ್ತೇನೆ.

ಆ ರಿಯಾಯಿತಿ ಸಂಬಂಧಿಕರಿಗೆ ಮಾತ್ರ. ಆಡಿಟರ್ ಅಥವಾ ಸಂಸ್ಥೆಯ ಯಾವುದೇ ಪಾರ್ಟ್‌ನರ್ ಹೆಸರಿನಲ್ಲಿ ಒಂದೇ ಒಂದು ಷೇರಿದ್ದರೂ ಅನರ್ಹತೆ. ಬೆಂಗಳೂರಿನ ಪಾರ್ಟ್‌ನರ್ ಸಹಿ ಹಾಕಿ, ಷೇರು ದೆಹಲಿ ಕಚೇರಿಯ ಪಾರ್ಟ್‌ನರ್ ಹತ್ತಿರ ಇದ್ದರೂ ಅಷ್ಟೇ.

60 ದಿನದ ಅವಕಾಶ ಎಲ್ಲದಕ್ಕೂ ಮದ್ದಲ್ಲ. ಸಂಬಂಧಿಕರ ಹಿಡುವಳಿ ಮಿತಿ ಮೀರಿದರೆ ಸರಿಪಡಿಸಿಕೊಳ್ಳಲು ಕೊಟ್ಟ ಗಡುವು ಅದು. ಪಾರ್ಟ್‌ನರ್‌ನ ಸ್ವಂತ ಷೇರಿಗೂ ಕಲಂ 144ರ ಸೇವೆಗೂ ಅದು ಅನ್ವಯಿಸದು. ‘60 ದಿನದೊಳಗೆ ಇಆರ್‌ಪಿ ಕಾಂಟ್ರಾಕ್ಟ್ ರದ್ದು ಮಾಡಿದೆವು’ ಎಂಬ ಸಮಜಾಯಿಷಿಗೆ ನಿಯಮದಲ್ಲಿ ಆಧಾರವಿಲ್ಲ.

ಸಂಬಂಧಿಕರು ಎಂದರೆ ಕಲಂ 2(77) ಮತ್ತು ಅದರ ನಿಯಮದಲ್ಲಿ ಹೇಳಿದವರು: ಅವಿಭಕ್ತ ಕುಟುಂಬದ ಸದಸ್ಯರು, ಗಂಡ ಹೆಂಡತಿ, ತಂದೆ ತಾಯಿ, ಮಗ, ಸೊಸೆ, ಮಗಳು, ಅಳಿಯ, ಸಹೋದರ, ಸಹೋದರಿ. ಭಾವಮೈದುನ, ನಾದಿನಿ ಆ ಪಟ್ಟಿಯಲ್ಲಿಲ್ಲ.

ಇಷ್ಟಾದರೂ ಪತ್ನಿಯ ಷೇರನ್ನು ಮರೆತುಬಿಡಬಾರದು. ಅದು ಇನ್ನೊಂದು ಕಾನೂನಿನಡಿ ಬರಬಹುದು. ಖರೀದಿ ಯಾವಾಗ ಆಯಿತು ನೋಡಿ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಹೊರಬಿದ್ದು 48 ಗಂಟೆಯವರೆಗೆ ಟ್ರೇಡಿಂಗ್ ವಿಂಡೋ (ಒಳಗಿನ ಮಾಹಿತಿ ಇರುವವರು ಷೇರು ವಹಿವಾಟು ಮಾಡಬಹುದಾದ ಅವಧಿ) ಮುಚ್ಚಿರುತ್ತದೆ. ಆ ನಡುವೆ ಖರೀದಿ ಆಗಿದ್ದರೆ ಅದು ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮಗಳ ವಿಚಾರ. ಸೆಬಿ ಕಾಯ್ದೆಯ ಕಲಂ 15ಜಿ ಪ್ರಕಾರ ದಂಡ 10 ಲಕ್ಷದಿಂದ ಶುರು, 25 ಕೋಟಿ ಅಥವಾ ಲಾಭದ ಮೂರು ಪಟ್ಟು, ಇವೆರಡರಲ್ಲಿ ಹೆಚ್ಚಿನದರವರೆಗೆ. ಕಂಪನಿಯ ಸ್ಟ್ರಕ್ಚರ್ಡ್ ಡಿಜಿಟಲ್ ಡೇಟಾಬೇಸ್‌ನಲ್ಲಿ (ಒಳಗಿನ ಮಾಹಿತಿ ಹಂಚಿಕೊಂಡವರ ದಾಖಲೆ) ಆಡಿಟ್ ತಂಡದವರ ಹೆಸರು, ಪ್ಯಾನ್ ನಮೂದಾಗಿರಬೇಕು. ಮೊದಲು ಅದನ್ನು ತೆಗೆಸಿ ನೋಡಿ.

ಕಲಂ_141

ಮುಖಬೆಲೆ ವಿಚಾರ ಒಪ್ಪಿದೆ. ಆ ಪ್ಯಾರಾ ಕೈಬಿಟ್ಟು ಓದಿ.

ದಾವೆ_ದಾಖಲೆ

ಕ್ರಮ ಯಾರದು ಎಂಬುದಕ್ಕೆ ಬರುತ್ತೇನೆ. ಬಹಳ ಜನ ಲಿಸ್ಟೆಡ್ ಕಂಪನಿ ಎಂದ ಕೂಡಲೇ ಸೆಬಿ ಎನ್ನುತ್ತಾರೆ. ಆಡಿಟರ್ ಮೇಲೆ ಸೆಬಿಯ ಅಧಿಕಾರ ಅಷ್ಟು ಸರಳವಾಗಿಲ್ಲ.

ಸತ್ಯಂ ಎಂಬ ಐಟಿ ಕಂಪನಿಯ ಸುಳ್ಳು ಲೆಕ್ಕದ ಹಗರಣ 2009ರ ಜನವರಿ 7ರಂದು ಹೊರಬಿತ್ತು. ಸೆಬಿ ತಮಗೆ ನೋಟಿಸ್ ಕೊಡುವಂತಿಲ್ಲ ಎಂದು ಅದರ ಆಡಿಟರ್ ಪ್ರೈಸ್ ವಾಟರ್‌ಹೌಸ್ ಹೂಡಿದ ಅರ್ಜಿಯಲ್ಲಿ ಬಾಂಬೆ ಹೈಕೋರ್ಟ್ 2010ರಲ್ಲಿ, ಹೂಡಿಕೆದಾರರ ರಕ್ಷಣೆಯ ಮಟ್ಟಿಗೆ ಸೆಬಿ ವಿಚಾರಣೆ ನಡೆಸಬಹುದು ಎಂದಿತು. 2018ರ ಜನವರಿ 10ರ ಆದೇಶದಲ್ಲಿ ಸೆಬಿ ಆ ನೆಟ್‌ವರ್ಕ್‌ನ ಸಂಸ್ಥೆಗಳು ಎರಡು ವರ್ಷ ಲಿಸ್ಟೆಡ್ ಕಂಪನಿಗಳಿಗೆ ಆಡಿಟ್ ಸರ್ಟಿಫಿಕೇಟ್ ಕೊಡುವಂತಿಲ್ಲ ಎಂದು ನಿಷೇಧಿಸಿ, 13 ಕೋಟಿಗೂ ಹೆಚ್ಚು ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಲು ಹೇಳಿತು. 2019ರ ಸೆಪ್ಟೆಂಬರ್‌ನಲ್ಲಿ ಎಸ್‌ಎಟಿ (ಸೆಬಿ ಆದೇಶಗಳ ಮೇಲ್ಮನವಿ ನ್ಯಾಯಮಂಡಳಿ) ಆ ನಿಷೇಧವನ್ನು ರದ್ದು ಮಾಡಿತು: ವಂಚನೆಯಲ್ಲಿ ಆಡಿಟರ್ ಶಾಮೀಲಾಗಿದ್ದರೆಂದು ಸಾಬೀತಾಗದೆ, ಬರೀ ವೃತ್ತಿ ಲೋಪಕ್ಕೆ ಸೆಬಿ ಶಿಕ್ಷೆ ಕೊಡುವಂತಿಲ್ಲ ಎಂಬ ನೆಲೆಯಲ್ಲಿ. ವಿಷಯ ಮುಂದೆ ಸುಪ್ರೀಂ ಕೋರ್ಟಿಗೆ ಹೋಯಿತು.

ಇದರಿಂದ ನಿಮ್ಮ ಮಾದರಿಗೆ ಏನು ಅರ್ಥ? ಇಆರ್‌ಪಿ ಸೇವೆ ಎನ್ನುವುದು ವೃತ್ತಿ ಸ್ವಾತಂತ್ರ್ಯದ ಉಲ್ಲಂಘನೆ. ಅದರಲ್ಲಿ ಷೇರು ಮಾರುಕಟ್ಟೆಯ ವಂಚನೆ ಕಾಣದಿದ್ದರೆ ಸೆಬಿಯನ್ನು ಮುಂದಿಟ್ಟುಕೊಂಡು ಹೋಗುವುದು ದುರ್ಬಲ ದಾರಿ. ಸರಿಯಾದ ಬಾಗಿಲು ಎನ್‌ಎಫ್‌ಆರ್‌ಎ. ಕಲಂ 132ರಡಿ 2018ರ ಅಕ್ಟೋಬರ್ 1ರಂದು ರಚನೆಯಾದ ಪ್ರಾಧಿಕಾರ, ಎಲ್ಲ ಲಿಸ್ಟೆಡ್ ಕಂಪನಿಗಳ ಆಡಿಟರ್‌ಗಳು ಅದರ ವ್ಯಾಪ್ತಿಯಲ್ಲಿದ್ದಾರೆ. ಲಿಸ್ಟ್ ಆಗದ ಪಬ್ಲಿಕ್ ಕಂಪನಿಯಾದರೆ ಹಿಂದಿನ ವರ್ಷದ ಮಾರ್ಚ್ 31ಕ್ಕೆ ಬಂಡವಾಳ 500 ಕೋಟಿ, ವಹಿವಾಟು 1,000 ಕೋಟಿ, ಅಥವಾ ಸಾಲ, ಡಿಬೆಂಚರ್, ಠೇವಣಿ ಸೇರಿ 500 ಕೋಟಿ, ಇವುಗಳಲ್ಲಿ ಒಂದನ್ನು ಮುಟ್ಟಿರಬೇಕು.

ದಂಡದ ಲೆಕ್ಕ: ಸಂಸ್ಥೆಗೆ ಕನಿಷ್ಠ 5 ಲಕ್ಷ, ಗರಿಷ್ಠ ಪಡೆದ ಫೀಯ ಹತ್ತು ಪಟ್ಟು. ನಿಮ್ಮ 40 ಲಕ್ಷದ ಫೀ ಒಂದೇ ವರ್ಷದ್ದೆಂದರೆ 4 ಕೋಟಿವರೆಗೆ. ವ್ಯಕ್ತಿಗೆ ಕನಿಷ್ಠ 1 ಲಕ್ಷ, ಗರಿಷ್ಠ ಫೀಯ ಐದು ಪಟ್ಟು. ಹಣಕ್ಕಿಂತ ಭಾರವಾದದ್ದು ವೃತ್ತಿ ನಿಷೇಧ: 6 ತಿಂಗಳಿಂದ 10 ವರ್ಷ. ಐಎಲ್ ಅಂಡ್ ಎಫ್‌ಎಸ್ ಸಮೂಹದ ಐಎಫ್‌ಐಎನ್ ಕಂಪನಿಯ 2017–18ರ ಆಡಿಟ್‌ಗೆ ಸಂಬಂಧಿಸಿ, 2020ರ ಜುಲೈನಲ್ಲಿ ಎಂಗೇಜ್‌ಮೆಂಟ್ ಪಾರ್ಟ್‌ನರ್‌ಗೆ 25 ಲಕ್ಷ ದಂಡ, 7 ವರ್ಷ ನಿಷೇಧ ವಿಧಿಸಿದ್ದು ನೆನಪಿಟ್ಟುಕೊಳ್ಳಿ. ಸ್ವಾತಂತ್ರ್ಯದ ಪ್ರಶ್ನೆ ಆ ಪ್ರಕರಣದ ಮುಖ್ಯ ಆರೋಪಗಳಲ್ಲಿ ಒಂದು. ಮೇಲ್ಮನವಿ ಎನ್‌ಸಿಎಲ್‌ಎಟಿಗೆ (ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ).

ಎನ್‌ಎಫ್‌ಆರ್‌ಎ ತನಿಖೆ ಶುರು ಮಾಡಿದ ಮೇಲೆ ಅದೇ ದುರ್ನಡತೆಯ ಬಗ್ಗೆ ಐಸಿಎಐ (ಸಿಎಗಳ ವೃತ್ತಿ ಸಂಸ್ಥೆ) ಶಿಸ್ತು ಕ್ರಮ ನಡೆಸುವಂತಿಲ್ಲ. ಆದ್ದರಿಂದ ಎರಡೂ ಕಡೆ ಒಂದೇ ದೂರು ಹಾಕಿ ಕಾಯುವುದು ಸಮಯ ವ್ಯರ್ಥ. ಎನ್‌ಎಫ್‌ಆರ್‌ಎ ವ್ಯಾಪ್ತಿಗೆ ಬಾರದ ಸಣ್ಣ ಕಂಪನಿಯಾದರೆ ಐಸಿಎಐ ಶಿಸ್ತು ನಿರ್ದೇಶನಾಲಯಕ್ಕೆ ನಮೂನೆ ಒಂದರಲ್ಲಿ ದೂರು ಸಲ್ಲಿಸುವುದು ದಾರಿ.

ಇದರ ಪಕ್ಕದಲ್ಲೇ ಕಲಂ 147 ಇದೆ. ಅದು ಕೋರಮಂಗಲ ಕೇಂದ್ರೀಯ ಸದನದ ಆರ್‌ಒಸಿ (ಕಂಪನಿ ರಿಜಿಸ್ಟ್ರಾರ್) ಮೂಲಕ ಹೋಗುವ ಪ್ರಾಸಿಕ್ಯೂಷನ್. ಕಲಂ 144 ಮೀರಿದ ಆಡಿಟರ್‌ಗೆ 25,000ದಿಂದ 5 ಲಕ್ಷ ಅಥವಾ ಫೀಯ ನಾಲ್ಕು ಪಟ್ಟು, ಎರಡರಲ್ಲಿ ಕಡಿಮೆ. ಮೋಸಗೊಳಿಸುವ ಉದ್ದೇಶದಿಂದ ತಿಳಿದೇ ಮಾಡಿದ್ದರೆ ಒಂದು ವರ್ಷದವರೆಗೆ ಸೆರೆವಾಸವೂ ಇದೆ, ಪಡೆದ ಫೀಯನ್ನು ಕಂಪನಿಗೆ ವಾಪಸ್ ಕೊಡಬೇಕು.

ಪೀಣ್ಯ_ಲೆಡ್ಜರ್

ತುಂಬಾ ಸ್ಪಷ್ಟವಾಯಿತು, ಧನ್ಯವಾದ. ಆಡಿಟರ್ ಮೊದಲೇ ರಾಜೀನಾಮೆ ಕೊಟ್ಟುಬಿಟ್ಟರೆ ಈ ಎಲ್ಲ ನಡಾವಳಿ ನಿಂತುಹೋಗುತ್ತದೆಯೇ? ಹಳೆಯ ವರದಿಗಳ ಬಗ್ಗೆಯೂ ಯಾರಾದರೂ ಹೇಳಿ. ಆಡಿಟ್ ಕಮಿಟಿಯ ಕೆಲಸದ ಬಗ್ಗೆಯೂ.

ದಾವೆ_ದಾಖಲೆ

ನಿಲ್ಲುವುದಿಲ್ಲ. ವಂಚನೆ ಮಾಡಿದ ಆಡಿಟರ್‌ನನ್ನು ಬದಲಿಸಲು ನ್ಯಾಯಮಂಡಳಿ ಆದೇಶಿಸಬಹುದಾದ ಕಲಂ 140(5)ರ ಬಗ್ಗೆ ಸುಪ್ರೀಂ ಕೋರ್ಟ್ 2023ರ ಮೇ 3ರಂದು ಹೇಳಿದ್ದು ಇದನ್ನೇ: ಆಡಿಟರ್ ರಾಜೀನಾಮೆ ಕೊಟ್ಟ ಮಾತ್ರಕ್ಕೆ ನ್ಯಾಯಮಂಡಳಿಯ ನಡಾವಳಿ ಮುಗಿಯದು. ವಂಚನೆ ಸಾಬೀತಾಗಿ ಅಂತಿಮ ಆದೇಶವಾದರೆ ಐದು ವರ್ಷ ಯಾವ ಕಂಪನಿಗೂ ಆಡಿಟರ್ ಆಗುವಂತಿಲ್ಲ. ಎನ್‌ಎಫ್‌ಆರ್‌ಎ ಕೇಳುವುದೂ ಹಿಂದೆ ಮಾಡಿದ ಆಡಿಟ್ ಬಗ್ಗೆ, ಈಗ ಹುದ್ದೆಯಲ್ಲಿದ್ದಾರೋ ಇಲ್ಲವೋ ಎಂಬುದರ ಬಗ್ಗೆ ಅಲ್ಲ.

ಹಳೆಯ ವರದಿ: ಆಡಿಟರ್ ಅನರ್ಹನಾಗಿದ್ದ, ಆದ್ದರಿಂದ ವರದಿ ತಾನಾಗಿಯೇ ಶೂನ್ಯ ಎಂದು ಹೇಳುವ ಕಲಂ ಕಾಯ್ದೆಯಲ್ಲಿ ಇಲ್ಲ. ಲೆಕ್ಕಪತ್ರ ಮರುತೆರೆಯುವುದು ಕಲಂ 130ರಡಿ ಕೋರ್ಟ್ ಅಥವಾ ನ್ಯಾಯಮಂಡಳಿಯ ಆದೇಶದಿಂದ, ಸ್ವಯಂಪ್ರೇರಿತ ಪರಿಷ್ಕರಣೆ ಕಲಂ 131ರಡಿ. ಆದರೆ ಐಎಫ್‌ಐಎನ್ ಆಡಿಟ್ ಗುಣಮಟ್ಟದ ವರದಿಯಲ್ಲಿ ಎನ್‌ಎಫ್‌ಆರ್‌ಎ ಆ ಆಡಿಟರ್ ನೇಮಕವೇ ಮೊದಲಿನಿಂದ ಕಾನೂನುಬಾಹಿರ ಎಂಬಷ್ಟು ಕಠಿಣ ನಿಲುವು ತೆಗೆದುಕೊಂಡಿತ್ತು. ಹಾಗಾಗಿ ‘ವರದಿ ಊರ್ಜಿತ’ ಎಂದು ನಿಶ್ಚಿಂತರಾಗಿ ಕೂರುವಂತಿಲ್ಲ. ಆ ವರದಿಯ ಮೇಲೆ ಸಾಲ ಕೊಟ್ಟ ಬ್ಯಾಂಕುಗಳು ಪ್ರಶ್ನೆ ಎತ್ತಬಹುದು, ಉತ್ತರ ಸಿದ್ಧವಿರಲಿ.

ತಾರೀಕು_ಮೊದಲು

ಆಡಿಟ್ ಕಮಿಟಿ ಕೆಲಸ. ಎಲ್ಲಕ್ಕಿಂತ ಮೊದಲು ತಾರೀಕು ಕಟ್ಟಿಹಾಕಿ. ಅಭಿಪ್ರಾಯ ಕೇಳುವುದು ಆಮೇಲೆ.

ಇಆರ್‌ಪಿ ಎಂಗೇಜ್‌ಮೆಂಟ್ ಲೆಟರ್ ತಾರೀಕನ್ನು ಒಂದನ್ನೇ ನಂಬಬೇಡಿ. ಹಿಂದಿನ ತಾರೀಕು ಹಾಕಲಾಗದ ದಾಖಲೆಗಳನ್ನು ಅದರ ಪಕ್ಕದಲ್ಲಿಡಿ: ಇ-ಇನ್‌ವಾಯ್ಸ್‌ನ ಐಆರ್‌ಎನ್ (ನೋಂದಣಿ ಸಂಖ್ಯೆ) ತಾರೀಕು, ಟಿಡಿಎಸ್ ಜಮೆಯಾದ ತಿಂಗಳು, ಬ್ಯಾಂಕ್ ಪಾವತಿ, ಇಆರ್‌ಪಿಯಲ್ಲಿ ಕನ್ಸಲ್ಟೆಂಟ್‌ಗಳ ಯೂಸರ್ ಐಡಿ ಸೃಷ್ಟಿಯಾದ ದಿನ, ಗೋ-ಲೈವ್ ದಿನ (ವ್ಯವಸ್ಥೆ ಬಳಕೆಗೆ ಬಂದ ದಿನ). ಇನ್ನೊಂದು ಬದಿಯಲ್ಲಿ ಆಡಿಟರ್ ನೇಮಕದ ಎಜಿಎಂ (ವಾರ್ಷಿಕ ಸಾಮಾನ್ಯ ಸಭೆ) ದಿನ, ಕಲಂ 139ರಡಿ ಅವರು ಕೊಟ್ಟ ಅರ್ಹತಾ ಪ್ರಮಾಣಪತ್ರ, ಪ್ರತಿ ವರದಿಯ ಸಹಿ ದಿನ ಮತ್ತು ಯುಡಿಐಎನ್ (ದಾಖಲೆಯ ಗುರುತು ಸಂಖ್ಯೆ). ಎರಡೂ ಸಾಲು ಎಲ್ಲಿ ಒಂದರ ಮೇಲೊಂದು ಬೀಳುತ್ತವೋ ಅದು ಉಲ್ಲಂಘನೆಯ ಅವಧಿ. ಒಂದು ಪುಟದಲ್ಲಿ ಇದು ಕಾಣಬೇಕು. ಎನ್‌ಎಫ್‌ಆರ್‌ಎಗೆ ಕಳಿಸುವ ಪತ್ರದ ಜೀವಾಳ ಆ ಪುಟವೇ.

ಎರಡನೆಯದು, ಆ ಇಆರ್‌ಪಿ ಕೆಲಸಕ್ಕೆ ಆಡಿಟ್ ಕಮಿಟಿಯೇ ಒಪ್ಪಿಗೆ ಕೊಟ್ಟಿದೆಯೇ ನೋಡಿ. ಆಡಿಟರ್ ಕೊಡುವ ಇತರ ಸೇವೆಗೆ ಮಂಡಳಿಯ ಅಥವಾ ಆಡಿಟ್ ಕಮಿಟಿಯ ಒಪ್ಪಿಗೆ ಬೇಕು ಎಂಬುದು ನಿಜ, ಆದರೆ ನಿಷೇಧಿತ ಸೇವೆಗೆ ಕಮಿಟಿ ಒಪ್ಪಿದರೂ ಅದು ನಿಷೇಧಿತವೇ. ಇಲ್ಲಿ ಸಾಮಾನ್ಯ ಎಡವಟ್ಟು ಏನೆಂದರೆ ಅಂಗಸಂಸ್ಥೆಯ ಖರೀದಿ ವಿಭಾಗ ಕಾಂಟ್ರಾಕ್ಟ್ ಸಹಿ ಮಾಡುತ್ತದೆ, ಪೇರೆಂಟ್ ಕಂಪನಿಯ ಕಮಿಟಿ ಮುಂದೆ ಅದು ಬರುವುದೇ ಇಲ್ಲ. ವೆಂಡರ್ ಮಾಸ್ಟರ್‌ನಲ್ಲಿ ಆಡಿಟರ್ ನೆಟ್‌ವರ್ಕ್‌ನ ಎಲ್ಲ ಸಂಸ್ಥೆಗಳ ಪ್ಯಾನ್‌ಗೆ ತಡೆ ಹಾಕಿಟ್ಟರೆ ಇದು ಪಿಒ (ಖರೀದಿ ಆದೇಶ) ಹಂತದಲ್ಲೇ ಸಿಕ್ಕಿಬೀಳುತ್ತದೆ. ಹೆಸರಿನ ಮೇಲೆ ತಡೆ ಹಾಕಿದರೆ ಸಾಲದು, ಒಂದು ಅಕ್ಷರ ಬದಲಾದರೂ ನುಸುಳುತ್ತದೆ.

ಮೂರನೆಯದು ತೆರವು. ಇದನ್ನು ರಾಜೀನಾಮೆ ರೂಪದಲ್ಲಿ ಮುಗಿಸಲು ಒತ್ತಡ ಬರುತ್ತದೆ, ‘ಬೇರೆ ಕೆಲಸದ ಒತ್ತಡ’ ಎಂಬ ಕಾರಣದೊಂದಿಗೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಸೆಬಿಯ 2019ರ ಅಕ್ಟೋಬರ್ 18ರ ಸುತ್ತೋಲೆ ಪ್ರಕಾರ ಲಿಸ್ಟೆಡ್ ಕಂಪನಿಯ ಆಡಿಟರ್ ತ್ರೈಮಾಸಿಕ ಮುಗಿದು 45 ದಿನದೊಳಗೆ ಬಿಟ್ಟರೆ ಆ ತ್ರೈಮಾಸಿಕದ ವರದಿ ಕೊಟ್ಟು ಹೋಗಬೇಕು, ಆಮೇಲೆ ಬಿಟ್ಟರೆ ಮುಂದಿನದ್ದನ್ನೂ. ವರ್ಷದ ಮೊದಲ ಮೂರು ತ್ರೈಮಾಸಿಕಕ್ಕೆ ಸಹಿ ಹಾಕಿದ್ದರೆ ಇಡೀ ವರ್ಷದ ಆಡಿಟ್ ಮುಗಿಸಿಯೇ ಹೋಗಬೇಕು. ಆದರೆ ಕಲಂ 141ರ ಅನರ್ಹತೆ ಇದ್ದಲ್ಲಿ ಈ ಷರತ್ತುಗಳು ಅನ್ವಯಿಸುವುದಿಲ್ಲ. ಅಂದರೆ ಅನರ್ಹತೆಯನ್ನು ರಾಜೀನಾಮೆ ಎಂದು ತೋರಿಸಿದರೆ, ಅನರ್ಹನಾದವನಿಂದಲೇ ಇನ್ನೂ ಒಂದೆರಡು ವರದಿಗೆ ಸಹಿ ಹಾಕಿಸಿಕೊಳ್ಳುವ ಇಕ್ಕಟ್ಟಿಗೆ ಕಂಪನಿ ಸಿಲುಕುತ್ತದೆ. ಉಲ್ಲಂಘನೆ ಬೆಳೆಯುತ್ತದೆ, ಈ ಬಾರಿ ಕಂಪನಿಗೆ ಗೊತ್ತಿದ್ದೂ.

ಆಕಸ್ಮಿಕ ತೆರವನ್ನು ಮಂಡಳಿ 30 ದಿನದೊಳಗೆ ತುಂಬಬೇಕು. ಅನರ್ಹತೆಯಿಂದ ಆದ ತೆರವಾದರೆ ಹೊಸಬರು ಮುಂದಿನ ಎಜಿಎಂ ಮುಗಿಯುವವರೆಗೆ ಇರುತ್ತಾರೆ. ರಾಜೀನಾಮೆಯಿಂದ ಆದದ್ದಾದರೆ ಮಂಡಳಿಯ ಶಿಫಾರಸಿನಿಂದ ಮೂರು ತಿಂಗಳೊಳಗೆ ಸಾಮಾನ್ಯ ಸಭೆಯ ಒಪ್ಪಿಗೆಯೂ ಬೇಕು, ಆಡಿಟರ್ 30 ದಿನದೊಳಗೆ ರಾಜೀನಾಮೆಯ ನಮೂನೆ ಎಡಿಟಿ-3 ಸಲ್ಲಿಸಬೇಕು. ಆಡಿಟರ್ ಬದಲಾವಣೆಯನ್ನು ಸ್ಟಾಕ್ ಎಕ್ಸ್‌ಚೇಂಜ್‌ಗೆ ತಿಳಿಸಲೇಬೇಕು. ರಾಜೀನಾಮೆ ಪತ್ರವಾದರೆ ವಿವರವಾದ ಕಾರಣ ಸಮೇತ ಕೈಸೇರಿದ 24 ಗಂಟೆಯೊಳಗೆ. ಹೊಸ ಆಡಿಟರ್ ಬಳಿ ಐಸಿಎಐ ಪೀರ್ ರಿವ್ಯೂ (ಸಹವೃತ್ತಿಯವರ ಪರಿಶೀಲನೆ) ಸರ್ಟಿಫಿಕೇಟ್ ಇರಲಿ, ಮತ್ತು ಅವರು ಹಳೆಯ ಆಡಿಟರ್‌ಗೆ ಲಿಖಿತವಾಗಿ ತಿಳಿಸದೆ ಕೆಲಸ ಒಪ್ಪಿಕೊಂಡರೆ ಅದೇ ಒಂದು ವೃತ್ತಿ ದುರ್ನಡತೆ.

ಹೊಸಬರು ಮೊದಲು ಕೈಹಾಕಬೇಕಾದದ್ದು ಹೊಸೂರಿನ ಇಆರ್‌ಪಿಯ ಆರಂಭಿಕ ಶಿಲ್ಕುಗಳಿಗೆ. ಹಳೆ ವ್ಯವಸ್ಥೆಯಿಂದ ಡೇಟಾ ವರ್ಗಾಯಿಸಿದಾಗ ಹಿಡಿದ ಹೊಂದಾಣಿಕೆ ಪಟ್ಟಿಗಳನ್ನು ಸ್ವತಂತ್ರವಾಗಿ ಯಾರೂ ನೋಡಿಲ್ಲ.

ಎಡಿಎಸ್_ಓದುಗ

ಬೆಂಗಳೂರಿನ ಇನ್ಫೋಸಿಸ್, ವಿಪ್ರೋ ತರಹ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಎಡಿಎಸ್ (ವಿದೇಶಿ ಕಂಪನಿ ಷೇರಿನ ಅಮೆರಿಕನ್ ರೂಪ) ಇರುವ ಕಂಪನಿಯಾಗಿದ್ದರೆ ಉತ್ತರ ಎರಡು ಕಡೆ ಬದಲಾಗುತ್ತದೆ.

ಪತ್ನಿಯ ಷೇರಿಗೆ ಮುಖಬೆಲೆಯ ರಿಯಾಯಿತಿ ಅಲ್ಲಿಲ್ಲ. ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿಯ ರೆಗ್ಯುಲೇಷನ್ ಎಸ್-ಎಕ್ಸ್, ನಿಯಮ 2-01 ಪ್ರಕಾರ ಆಡಿಟ್ ತಂಡದವರ ಸಂಗಾತಿ ಬಳಿ ನೇರ ಹೂಡಿಕೆ ಒಂದು ಷೇರಿನಷ್ಟಿದ್ದರೂ ಸ್ವಾತಂತ್ರ್ಯ ಹೋಯಿತು.

ಹಾಗೆಯೇ ಅಲ್ಲಿ ಸೆಕ್ಯುರಿಟೀಸ್ ನಿಯಂತ್ರಕನೇ ನೇರ ಕ್ರಮ ಕೈಗೊಳ್ಳುತ್ತಾನೆ. ಸ್ವತಂತ್ರನಲ್ಲದ ಆಡಿಟರ್ ಸಹಿ ಹಾಕಿದ ವರದಿ ಸಲ್ಲಿಸಿದರೆ ಕಂಪನಿಯ ಫೈಲಿಂಗೇ ಅಪೂರ್ಣ, ಅದಕ್ಕೆ ಕಾರಣ ಆಡಿಟರ್ ಎಂಬುದು ಎಸ್‌ಇಸಿಯ ವಾದದ ಚೌಕಟ್ಟು. ನಿಮ್ಮ ಇಆರ್‌ಪಿ ಪ್ರಶ್ನೆಗೆ ಹತ್ತಿರದ ಪ್ರಕರಣ 2019ರ ಸೆಪ್ಟೆಂಬರಿನದು: ತಾನು ಆಡಿಟ್ ಮಾಡುತ್ತಿದ್ದ ಕಂಪನಿಯೊಂದಕ್ಕೆ ಹಣಕಾಸು ವರದಿಗೆ ಸಂಬಂಧಿಸಿದ ಸಾಫ್ಟ್‌ವೇರ್ ವಿನ್ಯಾಸ, ಅಳವಡಿಕೆ ಮಾಡಿಕೊಟ್ಟದ್ದು ಮತ್ತು 15 ಕಂಪನಿಗಳ 19 ಕೆಲಸಗಳಲ್ಲಿ ಆಡಿಟ್ ಕಮಿಟಿಗೆ ಸರಿಯಾಗಿ ತಿಳಿಸದ್ದಕ್ಕೆ ಆಡಿಟ್ ಸಂಸ್ಥೆ ಪಿಡಬ್ಲ್ಯುಸಿ 79 ಲಕ್ಷ ಡಾಲರ್‌ಗೂ ಹೆಚ್ಚು ಕಟ್ಟಿತು. ಗಳಿಸಿದ ಫೀ ವಾಪಸ್, ಅದರ ಮೇಲೆ ಬಡ್ಡಿ, ಮೇಲಿಂದ ದಂಡ, ಮೂರೂ ಸೇರಿ. ಆರೋಪ ಒಪ್ಪದೆ, ನಿರಾಕರಿಸದೆ ಆದ ಇತ್ಯರ್ಥ ಅದು. 2016ರಲ್ಲಿ ಇನ್ನೊಂದು ಆಡಿಟ್ ಸಂಸ್ಥೆ ಇವೈ 93 ಲಕ್ಷ ಡಾಲರ್ ಕಟ್ಟಿದ್ದು ಪಾರ್ಟ್‌ನರ್‌ಗಳು ತಾವು ಆಡಿಟ್ ಮಾಡುತ್ತಿದ್ದ ಕಂಪನಿಗಳ ಹಣಕಾಸು ಅಧಿಕಾರಿಗಳ ಜೊತೆ ಇಟ್ಟುಕೊಂಡ ಅತಿ ಆಪ್ತ ವೈಯಕ್ತಿಕ ಸಂಬಂಧಗಳಿಗಾಗಿ. ನಮ್ಮ ಕಲಂ 141ರಲ್ಲಿ ಸ್ನೇಹಕ್ಕೆ ಹೆಸರಿಟ್ಟ ಅನರ್ಹತೆ ಇಲ್ಲ.

ಮುಖಬೆಲೆ_2

ಸಾಮಾನ್ಯ ಷೇರುದಾರರು ಇದನ್ನು ಹೊರಗಿನಿಂದ ಪತ್ತೆ ಮಾಡಬಹುದೇ ಎಂದು ಕೇಳುವವರಿಗಾಗಿ ಒಂದು ಮಾತು ಸೇರಿಸುತ್ತೇನೆ. ಮಾಡಬಹುದು. ವಾರ್ಷಿಕ ವರದಿಯ ಕಾರ್ಪೊರೇಟ್ ಗವರ್ನೆನ್ಸ್ ಭಾಗದಲ್ಲಿ, ಕಂಪನಿ ಮತ್ತು ಅಂಗಸಂಸ್ಥೆಗಳು ಸ್ಟ್ಯಾಚುಟರಿ ಆಡಿಟರ್‌ಗೂ ಅವರ ನೆಟ್‌ವರ್ಕ್‌ನ ಎಲ್ಲ ಸಂಸ್ಥೆಗಳಿಗೂ ಕೊಟ್ಟ ಒಟ್ಟು ಫೀ ಎಷ್ಟು ಎಂದು ಕ್ರೋಡೀಕೃತವಾಗಿ ಕೊಡಬೇಕೆಂದು ಸೆಬಿಯ ಲಿಸ್ಟಿಂಗ್ ನಿಯಮ ಹೇಳುತ್ತದೆ. ಆ ಅಂಕಿಯಿಂದ, ಲೆಕ್ಕಪತ್ರದ ಟಿಪ್ಪಣಿಯಲ್ಲಿರುವ ‘ಆಡಿಟರ್‌ಗೆ ಪಾವತಿ’ಯ ಮೊತ್ತ ಕಳೆಯಿರಿ. ಟಿಪ್ಪಣಿಯನ್ನು ಕ್ರೋಡೀಕೃತ ಲೆಕ್ಕಪತ್ರದಿಂದಲೇ ತೆಗೆದುಕೊಳ್ಳಿ, ಇಲ್ಲವಾದರೆ ಅಂಗಸಂಸ್ಥೆಗಳ ಆಡಿಟ್ ಫೀಯೇ ವ್ಯತ್ಯಾಸವಾಗಿ ಕಂಡು ದಾರಿ ತಪ್ಪಿಸುತ್ತದೆ. ಆಮೇಲೂ ದೊಡ್ಡ ವ್ಯತ್ಯಾಸ ಉಳಿದರೆ ಅದು ಯಾವ ಸೇವೆಗೆ, ಯಾವ ಅಂಗಸಂಸ್ಥೆಯಿಂದ ಎಂದು ಎಜಿಎಂಗೆ ಮುಂಚೆಯೇ ಲಿಖಿತ ಪ್ರಶ್ನೆ ಕಳಿಸಿ. ಎಜಿಎಂಗೆ ಆಡಿಟರ್ ಅಥವಾ ಅವರ ಅಧಿಕೃತ ಪ್ರತಿನಿಧಿ ಹಾಜರಿರಬೇಕು, ಕಂಪನಿ ವಿನಾಯಿತಿ ಕೊಟ್ಟಿಲ್ಲದಿದ್ದರೆ. ಅಲ್ಲೂ ಕೇಳಬಹುದು.